ಕೌನ್ಸಿಲ್ ಪತ್ರ ಬಂದ ದಿನ

ಅರಸೀಕೆರೆ, ಬೇಲೂರು, ಹಳೇಬೀಡಿನ ವೈದ್ಯರೆಲ್ಲರಿಗೆ, ಸರ್ಕಾರಿ ಆಸ್ಪತ್ರೆಯವರಿಗೂ, ಸ್ವಂತ ಕ್ಲಿನಿಕ್ಕು, ನರ್ಸಿಂಗ್ ಹೋಂ ನಡೆಸುವವರಿಗೂ,

ನಾನು ಅರಸೀಕೆರೆಯಲ್ಲಿ ವಕೀಲಿ ಮಾಡುವವಳು, ಡಾಕ್ಟರೊಬ್ಬರ ಮಗಳು. ಈ ಎರಡು ಕಾರಣಕ್ಕೆ ನಿಮಗೆ ಪತ್ರ ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ. ನಿಮ್ಮಲ್ಲಿ ಕೆಲವರು ನನ್ನ ಕಚೇರಿಗೆ ಬಂದಿದ್ದೀರಿ. ಬರುವ ಹೊತ್ತು ಹೆಚ್ಚುಕಡಿಮೆ ಒಂದೇ. ಕೊನೆಯ ಪೇಷಂಟ್ ಹೋಗಿ, ಷಟರ್ ಎಳೆದ ಮೇಲೆ, ರಾತ್ರಿ ಒಂಬತ್ತು, ಒಂಬತ್ತೂವರೆ. ಕೈಯಲ್ಲಿ ಬೆಂಗಳೂರಿನ ಮೆಡಿಕಲ್ ಕೌನ್ಸಿಲ್ಲಿನ ಲಕೋಟೆ. ನೀವು ಮೊದಲು ಕೇಳುವುದು, ‘ಮೇಡಂ, ರಿಜಿಸ್ಟ್ರೇಷನ್ ಹೋಗಿಬಿಡುತ್ತಾ?’ ಲಕೋಟೆಯ ಮೇಲಿನ ತಾರೀಖು ನೋಡಿ ನಾನು ಮೊದಲು ಕೇಳುವುದು, ‘ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ರಿ ಡಾಕ್ಟ್ರೇ?’

ಡ್ರಾಯರಿನಲ್ಲಿ. ಕಾರಿನಲ್ಲಿ. ಒಬ್ಬರು ದೇವರ ಮನೆಯಲ್ಲಿ. ಗಂಡನಿಗೆ ಹೇಳಿರುವುದಿಲ್ಲ, ಹೆಂಡತಿಗೆ ಹೇಳಿರುವುದಿಲ್ಲ. ಹೊಟ್ಟೆನೋವು ಶುರುವಾದ ದಿನವೇ ಬರಬಾರದಿತ್ತೇ ಎಂದು ದಿನಕ್ಕೆ ಹತ್ತು ಜನರನ್ನು ಗದರುವವರು ನೀವು. ನಿಮ್ಮದೇ ನೋವನ್ನು ಮೂರು ತಿಂಗಳು ಯಾರಿಗೂ ತೋರಿಸದೆ ಇಟ್ಟುಕೊಂಡಿರುತ್ತೀರಿ. ಇದನ್ನು ನೋಡಿ ನೋಡಿ ಸಂಕಟವಾಗಿ ಬರೆಯುತ್ತಿದ್ದೇನೆ. ನಿಮ್ಮ ಯಾರ ಗುಟ್ಟನ್ನೂ ಇಲ್ಲಿ ಹೇಳುವುದಿಲ್ಲ. ನಮ್ಮ ಮನೆಯದನ್ನೇ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ರಾತ್ರಿ ಕರೆಂಟು ಬಂದಿತೆಂದು ತೆಂಗಿನ ತೋಟಕ್ಕೆ ಮೋಟರು ಹಾಕಲು ಹೋದ ರೈತನೊಬ್ಬನಿಗೆ ಹಾವು ಕಚ್ಚಿತು. ಮನೆಯವರು ಅಪ್ಪನ ಕ್ಲಿನಿಕ್ಕಿಗೆ ಎತ್ತಿಕೊಂಡು ಬಂದರು. ಅಪ್ಪ ತಮ್ಮಲ್ಲಿದ್ದ, ಹಾವಿನ ವಿಷಕ್ಕೆ ಕೊಡುವ ಎ.ಎಸ್.ವಿ. ಬಾಟಲಿಗಳಷ್ಟನ್ನೂ ಡ್ರಿಪ್ಪಿಗೆ ಹಾಕಿದರು. ಮೆಡಿಕಲ್ ಶಾಪಿನವನನ್ನು ಎಬ್ಬಿಸಿ ಇನ್ನಷ್ಟು ತರಿಸಿದರು. ಅದೂ ಸಾಲದೆ ಬಾಡಿಗೆ ಕಾರು ಮಾಡಿಸಿ ಹಾಸನಕ್ಕೆ ಕಳಿಸಿದರು. ನಲವತ್ತು ಚಿಲ್ಲರೆ ಕಿಲೋಮೀಟರು. ಆತ ದಾರಿಯಲ್ಲೇ ಹೋದ. ಮೂವತ್ತೆರಡು ವಯಸ್ಸು, ಎರಡು ಸಣ್ಣ ಮಕ್ಕಳು. ಅಪ್ಪ ಮಣ್ಣಿಗೆ ಹೋಗಿ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆರು ತಿಂಗಳಾದ ಮೇಲೆ ಕೌನ್ಸಿಲ್ಲಿನಿಂದ ರಿಜಿಸ್ಟರ್ ಪೋಸ್ಟ್ ಬಂತು. ಎರಡು ಗಂಟೆ ಕ್ಲಿನಿಕ್ಕಿನಲ್ಲಿ ಸುಮ್ಮನೆ ಮಲಗಿಸಿಕೊಂಡಿದ್ದರು, ಬಂದ ಕೂಡಲೇ ಹಾಸನಕ್ಕೆ ಕಳಿಸಿದ್ದರೆ ಬದುಕುತ್ತಿದ್ದ ಎಂಬುದು ಮನೆಯವರ ದೂರು. ಅಪ್ಪ ಆ ಪತ್ರವನ್ನು ಬೀರುವಿನಲ್ಲಿ, ಹಳೆಯ ಬಿ.ಪಿ. ಮಷೀನಿನ ಡಬ್ಬಿಯ ಕೆಳಗೆ ಇಟ್ಟರು. ಎರಡನೆಯದನ್ನೂ ಅಲ್ಲೇ ಇಟ್ಟರು. ಮೂರನೆಯದನ್ನು ಪೋಸ್ಟ್‌ಮ್ಯಾನ್ ಅಮ್ಮನ ಕೈಗೆ ಕೊಟ್ಟ. ವಿಚಾರಣೆಗೆ ಒಂಬತ್ತು ದಿನ ಉಳಿದಿತ್ತು. ಹಾಜರಾಗದಿದ್ದರೆ ನೀವಿಲ್ಲದೆಯೇ ತೀರ್ಮಾನಿಸಲಾಗುವುದು ಎಂದಿತ್ತು. ನಾನಾಗ ಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ.

ಆ ರಾತ್ರಿ ಕೇಸ್ ಶೀಟ್ ಹುಡುಕಿದೆವು. ಒಂದೇ ಸಾಲು: ಹಾವು ಕಡಿತ, ಎ.ಎಸ್.ವಿ. ಕೊಟ್ಟಿದೆ, ಹಾಸನಕ್ಕೆ ರೆಫರ್. ಬಂದ ಹೊತ್ತಿಲ್ಲ, ಹೋದ ಹೊತ್ತಿಲ್ಲ, ಎಷ್ಟು ಬಾಟಲಿ ಎಂದಿಲ್ಲ. ರೆಪ್ಪೆ ಜೋತಿತ್ತೇ, ಉಸಿರು ಹೇಗಿತ್ತು, ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡಿದರೇ, ಯಾವುದೂ ಇಲ್ಲ. ಅಪ್ಪ ಅದೆಲ್ಲವನ್ನೂ ಮಾಡಿದ್ದರು. ಅದೇ ಬೆಳಗ್ಗೆ ನಡೆದಂತೆ ಬಾಯಲ್ಲಿ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಜೇಬಿನಿಂದ ಪೆನ್ನು ತೆಗೆದರು. ‘ಎಲ್ಲಾ ನಿಜವೇ ತಾನೆ, ಈಗ ಬರೆದುಬಿಡ್ತೀನಿ.’

ಅಮ್ಮ ಆ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಸೀರೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ‘ಅವತ್ತು ಬರೀದೇ ಇದ್ದದ್ದನ್ನ ಇವತ್ತು ಬರೆದ್ರೆ ಅದು ಸುಳ್ಳಾಗುತ್ತೇರೀ’ ಎಂದರು. ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ನಾನು ಓದಿದ ಯಾವ ತೀರ್ಪೂ ಆ ಮಾತಿಗಿಂತ ಹೆಚ್ಚಿನದನ್ನು ನನಗೆ ಕಲಿಸಲಿಲ್ಲ.

ಒಂಬತ್ತು ದಿನ ಓಡಾಡಿದೆವು. ಮೆಡಿಕಲ್ ಶಾಪಿನ ಬಿಲ್ ಪುಸ್ತಕದಲ್ಲಿ ಆ ತಾರೀಖಿನ ಬಾಟಲಿಗಳ ಲೆಕ್ಕ ಸಿಕ್ಕಿತು. ಸಿಸ್ಟರ್ ಇಂಜೆಕ್ಷನ್‌ಗಳಿಗೆಂದು ಇಟ್ಟಿದ್ದ ನೋಟ್ ಪುಸ್ತಕದಲ್ಲಿ ಡ್ರಿಪ್ ಹಾಕಿದ ಹೊತ್ತಿತ್ತು. ಕಾರಿನ ಡ್ರೈವರಿಗೆ ರೈಲ್ವೆ ಗೇಟಿನಲ್ಲಿ ರಾತ್ರಿಯ ಪ್ಯಾಸೆಂಜರ್ ಗಾಡಿಗಾಗಿ ನಿಂತದ್ದು ನೆನಪಿತ್ತು. ಗಾಡಿಯ ಹೊತ್ತಿನಿಂದ ಕಾರು ಹೊರಟ ಹೊತ್ತು ಸಿಕ್ಕಿತು. ಆ ರಾತ್ರಿ ಬರೆದದ್ದು ಯಾವುದು, ಈಗ ಹುಡುಕಿ ಕೂಡಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ತೋರಿಸಿ ಉತ್ತರ ಬರೆದೆವು. ಬಂದವನನ್ನು ಸುಮ್ಮನೆ ಮಲಗಿಸಿಕೊಳ್ಳದೆ ಔಷಧಿ ಹಾಕಿದ್ದರೆಂಬುದು ಹಾಗೆ ಸಿದ್ಧವಾಯಿತು. ಚಿಕಿತ್ಸೆಯಲ್ಲಿ ತಪ್ಪಿಲ್ಲ, ದಾಖಲೆ ಇಡದ್ದಕ್ಕೆ ಎಚ್ಚರಿಕೆ ಎಂದು ಆದೇಶವಾಯಿತು. ಎಚ್ಚರಿಕೆ ನ್ಯಾಯವಾದದ್ದೇ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ವಿಚಾರಣೆ ಮುಗಿದು ಹೊರಗೆ ಬಂದಾಗ ತೀರಿಕೊಂಡವನ ಹೆಂಡತಿ ಅಪ್ಪನ ಹತ್ತಿರ ಬಂದು ನಿಂತಳು. ‘ಇಷ್ಟೆಲ್ಲಾ ಮಾಡಿದ್ದೆ ಅಂತ ಅವತ್ತೇ ನಮಗ್ಯಾಕೆ ಹೇಳ್ಲಿಲ್ಲ ಸ್ವಾಮಿ?’ ಅಪ್ಪನ ಹತ್ತಿರ ಉತ್ತರವಿರಲಿಲ್ಲ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಆ ಲಕೋಟೆಯೊಳಗಿರುವುದು ಶಿಕ್ಷೆಯಲ್ಲ. ನಿಮ್ಮ ಮೇಲೆ ಹೀಗೊಂದು ದೂರಿದೆ, ನಿಮ್ಮ ವಿವರಣೆ ಏನು ಎಂಬ ಪ್ರಶ್ನೆ ಅಷ್ಟೇ. ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸುವುದು, ತೆಗೆಯುವುದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಂತೆ ನಡೆಯುತ್ತದೆ. ನಡತೆಯನ್ನು ಅಳೆಯುವುದು 2002ರ ವೃತ್ತಿ ನಡತೆ ನಿಯಮಾವಳಿಯಿಂದ. ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2023ರ ಆಗಸ್ಟಿನಲ್ಲಿ ಅದು ಹೊಸ ನಡತೆ ನಿಯಮಗಳನ್ನು ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು, 2002ರದನ್ನೇ ಮುಂದುವರಿಸಿತು. ವಾಟ್ಸಾಪಿನಲ್ಲಿ ಓಡಾಡುವ ನಿಯಮಗಳ ಪಟ್ಟಿ ಕಂಡರೆ ಅದು ಯಾವ ವರ್ಷದ್ದೆಂದು ಮೊದಲು ನೋಡಿ.

2002ರ ನಿಯಮಾವಳಿಯ 8ನೇ ಅಧ್ಯಾಯವನ್ನು ಒಮ್ಮೆ ಓದಿ. ಎರಡು ಪುಟದಷ್ಟೂ ಇಲ್ಲ. ದೂರು ಬಂದರೆ ವೈದ್ಯನ ಮಾತನ್ನು ಕೇಳಲೇಬೇಕು, ಆತ ಖುದ್ದಾಗಿ ಹೇಳಬಹುದು ಅಥವಾ ವಕೀಲರ ಮೂಲಕ ಹೇಳಿಸಬಹುದು. ಆರು ತಿಂಗಳೊಳಗೆ ತೀರ್ಮಾನವಾಗಬೇಕು. ತಪ್ಪು ಸಿದ್ಧವಾದರೆ ಕೌನ್ಸಿಲ್ ತನಗೆ ತಕ್ಕದೆಂದು ಕಂಡ ಶಿಕ್ಷೆ ಕೊಡಬಹುದು, ಇಷ್ಟು ಕಾಲಕ್ಕೆಂದೋ ಪೂರ್ತಿಯಾಗಿಯೋ ಹೆಸರು ತೆಗೆಯಬಹುದು. ತೆಗೆದರೆ ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ವಿಚಾರಣೆ ನಡೆಯುತ್ತಿರುವಾಗಲೇ, ದೂರಿಗೆ ಸಂಬಂಧಿಸಿದ ಆ ಒಂದು ಚಿಕಿತ್ಸಾಕ್ರಮವನ್ನು ಮಾಡಬೇಡಿ ಎಂದು ತಡೆಯಲೂಬಹುದು. ಆದೇಶ ನಿಮ್ಮ ವಿರುದ್ಧ ಬಂದರೆ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ 60 ದಿನದೊಳಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಮತ್ತೆ 60 ದಿನದೊಳಗೆ ಆಯೋಗಕ್ಕೆ. ನಿಮ್ಮ ಮಾತನ್ನೇ ಕೇಳದೆ ಆದೇಶ ಮಾಡಿದ್ದರೆ ಹೈಕೋರ್ಟಿನ ರಿಟ್ ಇದ್ದೇ ಇದೆ. ಆದರೆ ಕೇಳಲು ಕರೆದಾಗ ನೀವೇ ಹೋಗದೆ, ಆಮೇಲೆ ನನ್ನನ್ನು ಕೇಳಲಿಲ್ಲ ಎಂದರೆ ಆ ಬಾಗಿಲೂ ಅರ್ಧ ಮುಚ್ಚಿದಂತೆ.

ವಕೀಲರನ್ನು ಕಳಿಸಿ ನೀವು ಮನೆಯಲ್ಲಿರಬೇಡಿ. ಎದುರಿಗೆ ಕುಳಿತವರು ವೈದ್ಯರು. ಬಂದಾಗ ನಾಡಿ ಎಷ್ಟಿತ್ತು, ಎರಡನೆಯ ಬಾಟಲಿ ಹಾಕುವ ಮೊದಲು ಏನು ನೋಡಿದಿರಿ ಎಂದು ಕೇಳುತ್ತಾರೆ. ಅದಕ್ಕೆ ಕರಿಕೋಟಿನ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಕೆಲಸ ಅದಕ್ಕೂ ಮೊದಲಿನದು: ದೂರಿನ ಜೊತೆ ಲಗತ್ತಿಸಿದ ಕಾಗದಗಳೆಲ್ಲ ನಿಮಗೆ ಬಂದಿವೆಯೇ ಎಂದು ನೋಡುವುದು, ಬರದಿದ್ದರೆ ಬರವಣಿಗೆಯಲ್ಲಿ ಕೇಳುವುದು, ವಾಯಿದೆ ಬೇಕಿದ್ದರೆ ತಾರೀಖು ಮೀರುವ ಮೊದಲೇ ಅರ್ಜಿ ಹಾಕುವುದು, ನಿಮ್ಮ ಸಿಟ್ಟನ್ನು ಉತ್ತರದಿಂದ ತೆಗೆಯುವುದು. ದುಡ್ಡಿಗಾಗಿ ದೂರು ಕೊಟ್ಟಿದ್ದಾರೆ, ಊರಿನ ರಾಜಕೀಯ ಎಂಬ ಸಾಲುಗಳು ನಿಮ್ಮ ಮೊದಲ ಕರಡಿನಲ್ಲಿ ಇದ್ದೇ ಇರುತ್ತವೆ. ಅವನ್ನು ಹೊಡೆದು ಹಾಕಿ, ಹೊತ್ತಿನ ಪ್ರಕಾರ ನಡೆದದ್ದನ್ನು ಬರೆಯಿರಿ. ಸಾವು ಕಂಡ ಮನೆಯವರ ಬಗ್ಗೆ ಒಂದು ಕೆಟ್ಟ ಮಾತೂ ಬೇಡ.

ಕೇಸ್ ಶೀಟಿನ ವಿಷಯವನ್ನು ಇನ್ನೂ ಸ್ವಲ್ಪ ಎಳೆಯುತ್ತೇನೆ, ಏಕೆಂದರೆ ನಿಮ್ಮ ರಕ್ಷಣೆಯ ಮುಕ್ಕಾಲು ಪಾಲು ಅಲ್ಲೇ ಇದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು. ರೋಗಿಯೋ ಅವರು ಒಪ್ಪಿಗೆ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದಿದ್ದರೆ ಅದೇ ಒಂದು ದುರ್ನಡತೆ. ಚಿಕಿತ್ಸೆ ಎಷ್ಟೇ ಸರಿಯಿದ್ದರೂ ಈ ಒಂದರಲ್ಲೇ ಸಿಕ್ಕಿಬೀಳಬಹುದು. ಕಾಗದ ಕೇಳಲು ಬಂದ ಮನೆಯವರನ್ನು ‘ನಾಳೆ ಬನ್ನಿ’ ಎಂದು ಮೂರು ಸಲ ತಿರುಗಿಸಿದರೆ ನಾಲ್ಕನೆಯ ಸಲ ಅವರು ವಕೀಲರ ಹತ್ತಿರ ಹೋಗುತ್ತಾರೆ. ಹೋಗಬೇಕಾದ್ದೇ. ಪ್ರತಿ ಹಾಳೆಯನ್ನೂ ಜೆರಾಕ್ಸ್ ಮಾಡಿಸಿ, ಪುಟದ ನಂಬರ್ ಹಾಕಿ, ಕೊಟ್ಟದ್ದಕ್ಕೆ ಸಹಿ ಪಡೆದು ಕೊಡಿ. ಜೊತೆಗೆ ಐದು ನಿಮಿಷ ಕೂರಿಸಿ ನಡೆದದ್ದನ್ನು ಹೇಳಿ. ಆ ಹೆಂಗಸು ನಮ್ಮಪ್ಪನನ್ನು ಕೇಳಿದ ಪ್ರಶ್ನೆ ನಿಮ್ಮಲ್ಲಿ ಯಾರಿಗೂ ಬರಬಾರದು.

ರಾತ್ರಿ ಎರಡು ಗಂಟೆಗೆ ಸಿಸ್ಟರ್ ಫೋನ್ ಮಾಡುತ್ತಾರೆ, ನೀವು ಮನೆಯಿಂದ ಔಷಧಿ ಹೇಳುತ್ತೀರಿ. ಅವರು ಹೊತ್ತಿನ ಸಮೇತ ಬರೆಯಬೇಕು, ನೀವು ಬೆಳಗ್ಗೆ ಬಂದು ಅದರ ಕೆಳಗೆ ಸಹಿ ಮಾಡಬೇಕು. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು, ಹಳೆಯದು ಓದುವಂತೆ ಬಿಟ್ಟು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿ. ಬಿಳಿ ಬಣ್ಣ ಬಳಿಯುವುದು, ಹಾಳೆ ಬದಲಿಸುವುದು, ಬೇರೆ ಪೆನ್ನಿನಲ್ಲಿ ತುರುಕುವುದು ಇವೆಲ್ಲ ತಪ್ಪು ಮಾಡದವನನ್ನೂ ಕಳ್ಳನನ್ನಾಗಿ ಮಾಡುತ್ತವೆ. ಸಹಿಯ ಜೊತೆ ಹೆಸರೂ ಇರಲಿ. ಬೇಲೂರಿನ ಗುಡಿಯ ಮದನಿಕೆಯರ ಕಾಲಡಿ ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಜಾವಗಲ್ಲಿನ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಎಂಟೊಂಬತ್ತು ನೂರು ವರ್ಷದ ಹಿಂದೆ, ಇದು ನನ್ನ ಕೈಕೆಲಸ ಎಂದು ಹೇಳಿಕೊಳ್ಳುವುದು ನಮ್ಮ ಸೀಮೆಯ ರೂಢಿಯಾಗಿತ್ತು. ನಿಮ್ಮ ಚೀಟಿ, ಸರ್ಟಿಫಿಕೇಟು, ರಸೀದಿಗಳ ಮೇಲೂ ಹೆಸರಿನ ಜೊತೆ ನೋಂದಣಿ ಸಂಖ್ಯೆ ಇರಬೇಕೆಂದು 2002ರ ನಿಯಮ ಹೇಳುತ್ತದೆ. ಎಷ್ಟೋ ಚೀಟಿಗಳಲ್ಲಿ ಇಂದಿಗೂ ಒಂದು ಗೀಟು ಮಾತ್ರ ಇರುತ್ತದೆ.

ಕೊಟ್ಟ ಔಷಧಿಯ ಬ್ಯಾಚ್ ನಂಬರನ್ನೂ ಬರೆಯಿಸಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಊರಿನ ಕಣ್ಣು ಮೊದಲು ಹೋಗುವುದು ಆಪರೇಷನ್ ಮಾಡಿದವರ ಕೈ ಮೇಲೆ. ಆಮೇಲೆ ಸಂಶಯ ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಯಾವ ತಾಯಿಗೆ ಯಾವ ಬಾಟಲಿ ಏರಿತು ಎಂಬುದು ಕೇಸ್ ಶೀಟಿನಲ್ಲಿದ್ದರೆ ತಾನೆ ಇಂಥದ್ದು ಬೇಗ ಪತ್ತೆಯಾಗುವುದು? ಅದು ನಿಮ್ಮನ್ನೂ ಉಳಿಸುತ್ತದೆ, ಅದಕ್ಕಿಂತ ಮೊದಲು ಪಕ್ಕದ ಮಂಚದವಳನ್ನು ಉಳಿಸುತ್ತದೆ.

ಒಂದೇ ಘಟನೆಗೆ ನಾಲ್ಕು ಕಡೆಯಿಂದ ನೋಟಿಸು ಬರಬಹುದೆಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕೌನ್ಸಿಲ್ ಒಂದು. ಹಾಸನದ ಗ್ರಾಹಕ ಆಯೋಗ ಇನ್ನೊಂದು. ಪೊಲೀಸ್ ಠಾಣೆ ಮತ್ತೊಂದು. ಖಾಸಗಿಯವರಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆ.ಪಿ.ಎಂ.ಇ.) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ, ಸರ್ಕಾರಿಯವರಾದರೆ ಇಲಾಖಾ ವಿಚಾರಣೆ. ಒಂದು ಕಡೆ ಬರೆದುಕೊಟ್ಟದ್ದನ್ನು ಇನ್ನೊಂದು ಕಡೆ ಓದುತ್ತಾರೆ. ಕೌನ್ಸಿಲ್ಲಿಗೆ ರಾತ್ರಿ ಹತ್ತಕ್ಕೆ ಬಂದರು ಎಂದು, ಗ್ರಾಹಕ ಆಯೋಗಕ್ಕೆ ಹನ್ನೊಂದಕ್ಕೆ ಬಂದರು ಎಂದು ಬರೆದರೆ ಯಾವ ವಕೀಲರೂ ನಿಮ್ಮನ್ನು ಎತ್ತಲಾರರು. ಗ್ರಾಹಕ ಆಯೋಗದಲ್ಲಿ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಕೊಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಬೀರುವಿನಲ್ಲಿಟ್ಟ ಲಕೋಟೆ ಇಂಥದ್ದಾಗಿದ್ದರೆ 46ನೇ ದಿನ ನಿಮ್ಮ ಬಾಯಿ ಕಟ್ಟಿದ ಹಾಗೆ.

ಪೊಲೀಸರ ಹೆದರಿಕೆಗೆ ಬರುತ್ತೇನೆ. 1995ರ ಫೆಬ್ರವರಿಯಲ್ಲಿ ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ರಾತ್ರಿ ರೋಗಿಗೆ ಉಸಿರು ಕಟ್ಟಿತು, ತಂದ ಆಕ್ಸಿಜನ್ ಸಿಲಿಂಡರ್ ಖಾಲಿಯಿತ್ತು, ಜೀವ ಹೋಯಿತು. ವೈದ್ಯರ ಮೇಲೆ ಕ್ರಿಮಿನಲ್ ಕೇಸಾಯಿತು. ಜೇಕಬ್ ಮ್ಯಾಥ್ಯೂ ಪ್ರಕರಣವೆಂದು ನೀವು ಕೇಳಿರುವುದು ಇದನ್ನೇ. ಸುಪ್ರೀಂ ಕೋರ್ಟ್ 2005ರ ಆಗಸ್ಟ್ 5ರಂದು ಆ ಕೇಸನ್ನು ರದ್ದು ಮಾಡಿತು. ಸಾಮಾನ್ಯ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಬಹುದು, ಜೈಲಿಗೆ ಕಳಿಸಬೇಕಾದರೆ ನಿರ್ಲಕ್ಷ್ಯ ಅತ್ಯಂತ ಘೋರವಾಗಿರಬೇಕು ಎಂದಿತು. ಖಾಸಗಿ ದೂರಿಗೆ ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯದ ಬೆಂಬಲವಿರಬೇಕು. ತನಿಖಾಧಿಕಾರಿ ಮುಂದುವರಿಯುವ ಮೊದಲು, ಸಾಧ್ಯವಾದಷ್ಟೂ ಆ ವಿಷಯದಲ್ಲಿ ಅರ್ಹರಾದ ಸರ್ಕಾರಿ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ಸುಮ್ಮನೆ ಬಂಧಿಸಬಾರದು. 2024ರ ಜುಲೈ 1ರಿಂದ, ನಿರ್ಲಕ್ಷ್ಯದ ಸಾವಿಗಿದ್ದ ಹಳೆಯ ದಂಡ ಸಂಹಿತೆಯ 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106(1) ಬಂದಿದೆ. ಇತರರಿಗೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸಜೆ. ಜಾಮೀನು ಸಿಗುವ ಅಪರಾಧ ಅದು. ಠಾಣೆಯಿಂದ ಫೋನ್ ಬಂದ ರಾತ್ರಿ ಇಷ್ಟು ನೆನಪಿದ್ದರೆ ಸಾಕು.

ಇಷ್ಟನ್ನೂ ಹೇಳುವವರು ಹತ್ತಿರದಲ್ಲಿ ಇರಬೇಕಲ್ಲ. ಜೇಕಬ್ ಮ್ಯಾಥ್ಯೂ ತೀರ್ಪು ಬಂದು ಹದಿನಾರು ವರ್ಷ ಕಳೆದ ಮೇಲೆ, 2022ರ ಮಾರ್ಚಿನಲ್ಲಿ, ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್‌ಸೋಟ್ ಎಂಬ ನಮ್ಮ ಅರಸೀಕೆರೆಯಂಥದ್ದೇ ಊರಿನಲ್ಲಿ ಬಾಣಂತಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. ಪ್ರಸೂತಿ ವೈದ್ಯೆಯ ಮೇಲೆ ಪೊಲೀಸರು ಕೊಲೆ ಪ್ರಕರಣವನ್ನೇ ದಾಖಲಿಸಿದರು. ಮರುದಿನ ಆಕೆ ತಮ್ಮ ಜೀವ ತೆಗೆದುಕೊಂಡರು. ಕಾನೂನು ಅವರ ಪರವಾಗಿತ್ತು. ಆ ರಾತ್ರಿ ಅವರ ಪಕ್ಕದಲ್ಲಿ ಕುಳಿತು ಅದನ್ನು ಹೇಳುವವರು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಈ ಪತ್ರ ಬರೆಯಲು ಅದೂ ಒಂದು ಕಾರಣ.

ರಕ್ಷಣೆ ಎಂದರೆ ತಪ್ಪನ್ನು ಮುಚ್ಚುವುದಲ್ಲ ಎಂದು ಇಲ್ಲೇ ಹೇಳಿಬಿಡಬೇಕು. ಕೆಲವಕ್ಕೆ ನನ್ನಲ್ಲಿ ಔಷಧಿಯಿಲ್ಲ.

ಮೊದಲನೆಯದು ಸರ್ಟಿಫಿಕೇಟು. ನಮ್ಮ ಊರುಗಳಲ್ಲಿ ಇದರ ಒತ್ತಾಯ ಎಷ್ಟೆಂದು ಬಲ್ಲೆ. ಪಂಚಾಯ್ತಿಯವರು, ನೆಂಟರು, ಕೆಲವೊಮ್ಮೆ ನಾಚಿಕೆ ಬಿಟ್ಟು ಹೇಳಬೇಕೆಂದರೆ ನಮ್ಮ ವಕೀಲ ವೃತ್ತಿಯವರೇ ಬಂದು ಕೂರುತ್ತಾರೆ. ಬೈಕ್ ಅಪಘಾತಕ್ಕೆ ಶೇಕಡಾ ಹತ್ತರ ಅಂಗವಿಕಲತೆಯನ್ನು ಮೂವತ್ತು ಮಾಡಿಕೊಡಿ, ಗಾಯದ ಸರ್ಟಿಫಿಕೇಟಿನಲ್ಲಿ ಸಾದಾ ಗಾಯವನ್ನು ಭಾರಿ ಗಾಯವೆಂದು ಬರೆಯಿರಿ, ನೋಡದ ರೋಗಿಗೆ ಹದಿನೈದು ದಿನದ ಸಿಕ್ ಲೀವ್ ಕೊಡಿ. ಚಿಕಿತ್ಸೆಯ ತಪ್ಪಿನಲ್ಲಿ ‘ಇನ್ನೊಬ್ಬ ವೈದ್ಯನಾಗಿದ್ದರೂ ಹೀಗೇ ಮಾಡುತ್ತಿದ್ದ’ ಎಂದು ವಾದಿಸಬಹುದು. ಸುಳ್ಳು ಸರ್ಟಿಫಿಕೇಟಿನಲ್ಲಿ ವಾದವೇ ಇಲ್ಲ. ಸರ್ಟಿಫಿಕೇಟುಗಳಿಗೆ ಬೇರೆ ರಿಜಿಸ್ಟರ್, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ದೇಹದ ಮೇಲಿನ ಒಂದು ಗುರುತು, ಒಂದು ಪ್ರತಿ ನಿಮ್ಮಲ್ಲಿ, ಇದು ನಿಯಮ. ಕೇಳಲು ಬಂದವರಿಗೆ ಆ ರಿಜಿಸ್ಟರ್ ತೋರಿಸಿದರೇ ಅರ್ಧ ಜನ ಎದ್ದು ಹೋಗುತ್ತಾರೆ.

ಎರಡನೆಯದು ಭ್ರೂಣಲಿಂಗ ಪತ್ತೆ. 2023ರ ಕೊನೆಯಲ್ಲಿ ಮಂಡ್ಯ, ಮೈಸೂರು ಕಡೆ ಬಯಲಾದ ಜಾಲ ಎಲ್ಲರಿಗೂ ನೆನಪಿದೆ. 1994ರ ಕಾಯ್ದೆಯಂತೆ ಕೋರ್ಟು ಆರೋಪ ನಿಗದಿ ಮಾಡಿದರೆ ಕೌನ್ಸಿಲ್ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಶಿಕ್ಷೆಯಾದರೆ ಮೊದಲ ಸಲಕ್ಕೆ ಐದು ವರ್ಷ, ಮತ್ತೆ ಆದರೆ ಶಾಶ್ವತವಾಗಿ ಹೆಸರು ಹೋಗುತ್ತದೆ. ಆರೋಪಿಗೆ ವಕೀಲರು ಸಿಗಬೇಕು, ಸಿಗುತ್ತಾರೆ. ಸಂಘ ಕಟ್ಟಿಕೊಂಡು ಬೆಂಬಲಕ್ಕೆ ನಿಲ್ಲುವ ವಿಷಯ ಮಾತ್ರ ಅದಲ್ಲ.

ಮೂರನೆಯದನ್ನು ಹೇಳಿದರೆ ಕೆಲವು ನರ್ಸಿಂಗ್ ಹೋಂನವರಿಗೆ ಬೇಸರವಾಗಬಹುದು. ರಾತ್ರಿ ಪಾಳಿಗೆ ಆಯುಷ್ ವೈದ್ಯರನ್ನು ಕೂರಿಸಿ ಅಲೋಪತಿ ಔಷಧಿ ಬರೆಸುವುದು. ಹೋಮಿಯೋಪತಿ ಓದಿದವರು ಟೈಫಾಯ್ಡ್ ಎಂದು ಅಲೋಪತಿ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ: ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ. ಬೆಳಗ್ಗೆ ಬಂದು ಸಹಿ ಮಾಡುವವರು ನೀವಾದರೆ ನೋಟಿಸಿನಲ್ಲಿ ನಿಮ್ಮ ಹೆಸರೂ ಇರುತ್ತದೆ. ಆ ಎಳೆಯ ಆಯುಷ್ ವೈದ್ಯರಿಗೂ ಇದನ್ನು ಹೇಳಿ. ಸಂಬಳದ ಆಸೆಗೆ ಬಂದವರನ್ನು ನಾವೇ ಹಳ್ಳಕ್ಕೆ ತಳ್ಳಬಾರದು.

ಒಪ್ಪಿಗೆ ಪತ್ರದ ಬಗ್ಗೆ ಬೇಲೂರು ಕಡೆಯವರಿಗೆ ಒಂದು ಮಾತು. ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದ ಹುಡುಗಿಯ ಹೆಬ್ಬೆಟ್ಟನ್ನು ಇಂಗ್ಲಿಷ್ ಫಾರಂ ಮೇಲೆ ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಪರೀಕ್ಷೆಗೆಂದು ಅರಿವಳಿಕೆ ಕೊಡಿಸಿಕೊಂಡ ಹೆಣ್ಣುಮಗಳ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದರು. ವಯಸ್ಸಿಗೆ ಬಂದವಳು, ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ಅವಳನ್ನೇ ಕೇಳಬೇಕಿತ್ತು ಎಂದಿತು ಕೋರ್ಟು. ಅವರವರ ಭಾಷೆಯಲ್ಲಿ ಹೇಳಿ, ಹೇಳಿದವರು ಯಾರು, ಭಾಷೆ ತಿರುಗಿಸಿದವರು ಯಾರು ಎಂದು ಬರೆದು ಅವರ ಸಹಿಯನ್ನೂ ಪಡೆಯಿರಿ.

ಹಾಸನ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಿಮ್ಮವರೇ ಕೆಲಸದಲ್ಲಿದ್ದಾರೆ. ಅವರಿಗೊಂದು ವಿನಂತಿ ಮುಟ್ಟಿಸಿ. ರೆಫರ್ ಆಗಿ ಬಂದವರ ಎದುರು ಚೀಟಿ ನೋಡಿ ‘ಯಾರ್ರೀ ಇದನ್ನ ಮಾಡಿದ್ದು?’ ಎನ್ನಬೇಡಿ. ನನ್ನ ಕೈಗೆ ಬಂದ ದೂರುಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಂಥ ಒಂದು ಮಾತಿನಿಂದ. ಹಳೇಬೀಡಿನಲ್ಲಿ ರಾತ್ರಿ ಒಬ್ಬರೇ ಇದ್ದ ವೈದ್ಯರ ಕೈಲಿ ಆಗ ಏನಿತ್ತು, ಏನಿರಲಿಲ್ಲ ಎಂಬುದು ಹಾಸನದ ಐಸಿಯುನಲ್ಲಿ ನಿಂತವರಿಗೆ ಕಾಣುವುದಿಲ್ಲ. ನಿಜವಾಗಿ ತಪ್ಪು ಕಂಡರೆ ಅದನ್ನು ಬರೆಯಿರಿ, ಆ ವೈದ್ಯರಿಗೆ ಫೋನ್ ಮಾಡಿ ಹೇಳಿ.

ಇನ್ನು ನನ್ನ ಬೇಡಿಕೆ. ಇಂಗ್ಲೆಂಡಿನ ವೈದ್ಯರು 1885ರಲ್ಲೇ ತಮ್ಮದೊಂದು ಮೆಡಿಕಲ್ ಡಿಫೆನ್ಸ್ ಯೂನಿಯನ್ ಕಟ್ಟಿಕೊಂಡರು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಘದ (ಐ.ಎಂ.ಎ.) ವೃತ್ತಿ ರಕ್ಷಣಾ ಯೋಜನೆಯಿದೆ, ವಿಮಾ ಕಂಪನಿಗಳ ಇಂಡೆಮ್ನಿಟಿ ಪಾಲಿಸಿಗಳಿವೆ. ಪ್ರೀಮಿಯಂ ಕಟ್ಟಿರುತ್ತೀರಿ, ಪಾಲಿಸಿ ಓದಿರುವುದಿಲ್ಲ. ಕೌನ್ಸಿಲ್ ವಿಚಾರಣೆಯ ಖರ್ಚು ಅದರಲ್ಲಿ ಸೇರಿದೆಯೇ, ನೋಟಿಸ್ ಬಂದ ಎಷ್ಟು ದಿನದೊಳಗೆ ಅವರಿಗೆ ತಿಳಿಸಬೇಕು, ನಡುವೆ ಒಂದು ವರ್ಷ ಕಟ್ಟದೆ ಬಿಟ್ಟರೆ ಹಳೆಯ ಚಿಕಿತ್ಸೆಗೆ ರಕ್ಷಣೆ ಉಳಿಯುತ್ತದೆಯೇ, ಈ ಮೂರನ್ನು ಈ ವಾರವೇ ನೋಡಿ. ಅದಕ್ಕಿಂತ ಮುಖ್ಯವಾಗಿ, ಮೂರೂ ಊರಿನವರು ಸೇರಿ ಒಂದು ಸಣ್ಣ ಕೂಟ ಮಾಡಿಕೊಳ್ಳಿ. ಅದರಲ್ಲಿ ವಿಚಾರಣೆ ಕಂಡ ಹಿರಿಯ ವೈದ್ಯರೊಬ್ಬರಿರಲಿ, ದಾಖಲೆ ಓದಬಲ್ಲ ವಕೀಲರೊಬ್ಬರಿರಲಿ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರಿರಲಿ. ನೋಟಿಸ್ ಬಂದವರ ಮನೆಗೆ ಮೊದಲ ದಿನವೇ ಒಬ್ಬರು ಹೋಗಿ ಕುಳಿತುಕೊಳ್ಳಲಿ. ತಿಂಗಳಿಗೊಮ್ಮೆ ಒಬ್ಬರ ಕೇಸ್ ಶೀಟನ್ನು ಹೆಸರು ಮುಚ್ಚಿ ಇನ್ನೊಬ್ಬರು ಓದಿ, ಇದನ್ನು ನೋಡಿ ಮೂರು ವರ್ಷದ ಮೇಲೆ ನಡೆದದ್ದು ಗೊತ್ತಾಗುತ್ತದೆಯೇ ಎಂದು ಹೇಳಲಿ.

ಈ ಪತ್ರಕ್ಕೆ ಹೆಸರು ಹಾಕಿಲ್ಲ. ವಕೀಲರು ಕಕ್ಷಿದಾರರನ್ನು ಕರೆಯುವಂತಿಲ್ಲ ಎಂಬುದು ನಮ್ಮ ವೃತ್ತಿಯ ನಿಯಮ, ಅದು ಒಳ್ಳೆಯದೇ. ನನ್ನ ಹತ್ತಿರವೇ ಬನ್ನಿ ಎನ್ನುತ್ತಿಲ್ಲ. ಯಾರ ಹತ್ತಿರವಾದರೂ ಹೋಗಿ.

ನಿಮ್ಮಲ್ಲಿ ಯಾರ ಬೀರುವಿನಲ್ಲಾದರೂ ಈಗ ಅಂಥದ್ದೊಂದು ಲಕೋಟೆಯಿದ್ದರೆ, ಇವತ್ತು ರಾತ್ರಿ ಊಟಕ್ಕೆ ಮೊದಲು ಅದನ್ನು ಹೊರಗೆ ತೆಗೆಯಿರಿ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರೇ ಗಟ್ಟಿಯಾಗಿ ಓದಲಿ. ಉತ್ತರಕ್ಕೆ ಕೊನೆಯ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ರೋಗಿಯ ಕೇಸ್ ಶೀಟನ್ನು ಈಗ ಹೇಗಿದೆಯೋ ಹಾಗೆಯೇ ಅವರ ಕೈಗೆ ಕೊಟ್ಟು, ಬೀಗದ ಕೈಯನ್ನು ಅವರ ಹತ್ತಿರವೇ ಬಿಡಿ.

ಇಂತಿ,
ಅರಸೀಕೆರೆಯ ಒಬ್ಬ ವಕೀಲೆ